ಕ್ಲಚ್ ಇಲ್ಲದ ಗಾಡಿ

ವೈಜಯಂತಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಸರ್ಕಾರಕ್ಕೆ ಸಾಮಾನು ಕೊಂಡು ಕೊಟ್ಟವಳು. ಕುರ್ಚಿ, ಮೇಜು, ಫ್ಯಾನು, ಕೂಲರು, ಸಾಹೇಬರ ಟೇಬಲ್ಲಿನ ನೀರಿನ ಲೋಟದವರೆಗೆ, ಅವಳಿದ್ದ ಇಲಾಖೆಯ ಅಷ್ಟೂ ಮಹಡಿಗಳಿಗೆ ಏನು ಬೇಕಾದರೂ ಅವಳ ಸ್ಟೋರ್ಸ್ ಸೆಕ್ಷನ್ನಿನ ಮೂಲಕವೇ ಹೋಗಬೇಕು. ದೆಹಲಿಯ ಕಿದ್ವಾಯಿ ನಗರದ ಕ್ವಾರ್ಟರ್ಸುಗಳಲ್ಲಿರುವ ಕನ್ನಡದವರು ಫ್ರಿಜ್ಜು ಕೊಳ್ಳಲಿ, ಮಿಕ್ಸಿ ಕೊಳ್ಳಲಿ, ಮೊದಲು ಅವಳನ್ನು ಕೇಳಿ ಆಮೇಲೆ ಅಂಗಡಿ ಮೆಟ್ಟಿಲು ಹತ್ತುವುದು. ಅಂಥವಳು ಒಂದು ಕಂಪ್ಯೂಟರ್ ಕೊಳ್ಳಲು ಹೋಗಿ ತಲೆ ಕೆಡಿಸಿಕೊಂಡು ಕೂತಳೆಂದರೆ ಯಾರು ನಂಬುತ್ತಾರೆ? ನಂಬಲೇಬೇಕು, ಕೂತದ್ದು ನಿಜ. ಅದೂ ಆಫೀಸಿನ ಕಂಪ್ಯೂಟರ್ ಅಲ್ಲ, ಆಟ ಆಡುವ ಕಂಪ್ಯೂಟರ್. ಅದೂ ಮಕ್ಕಳಿಗಲ್ಲ, ಗಂಡನಿಗೆ.

ಗಂಡ ಬಸವಲಿಂಗಪ್ಪ ಅದೇ ಇಲಾಖೆಯಲ್ಲಿ ಸ್ಟಾಫ್ ಕಾರಿನ ಡ್ರೈವರ್ ಆಗಿದ್ದವನು. ದೆಹಲಿಯ ರಸ್ತೆಗಳಲ್ಲಿ ಬಿಳಿ ಅಂಬಾಸಿಡರ್ ಓಡಿಸಿಕೊಂಡು ಅರ್ಧ ಆಯಸ್ಸು ಕಳೆದ. ಆ ವರ್ಷ, ಅಂದರೆ ಎರಡು ಸಾವಿರದ ಏಳನೇ ಇಸವಿಯಲ್ಲಿ, ಹೋಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತವನು ಹಾಗೇ ಕುಸಿದ. ಲಕ್ವ. ಜೀವ ಉಳಿಯಿತು, ಕಾಲು ಎಳೆದುಕೊಂಡಾದರೂ ನಡೆಯುವಂತಾಯಿತು. ಎಡಗೈ ಮಾತ್ರ ಹೇಳಿದ ಮಾತು ಕೇಳುವುದಕ್ಕೆ ಹೊತ್ತು ತೆಗೆದುಕೊಳ್ಳುತ್ತಿತ್ತು. ಇನ್ನು ಗಾಡಿ ಮುಟ್ಟುವಂತಿಲ್ಲ ಎಂದು ಡಾಕ್ಟರು ಬರೆದರು, ಇಲಾಖೆಯವರು ಹಾರ ಹಾಕಿ ಪೆನ್ಶನ್ ಕೊಟ್ಟು ಮನೆಗೆ ಕಳಿಸಿದರು.

ನಾಲಿಗೆಗೆ ಏನೂ ಆಗಿರಲಿಲ್ಲ. ಆದರೂ ಅವನು ಮಾತು ಬಿಟ್ಟ. ಕೇಳಿದ್ದಕ್ಕೆ ಹೂಂ, ಊಹೂಂ, ಅಷ್ಟೇ. ಕೈಗೆ ಬಲ ಬರಲಿ ಎಂದು ಆಸ್ಪತ್ರೆಯವರು ಹಿಸುಕುವುದಕ್ಕೆ ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಅದು ಕಿಟಕಿಯಲ್ಲಿ ಧೂಳು ತಿನ್ನುತ್ತಾ ಕೂತಿತ್ತು, ಅದರ ಪಕ್ಕದ ಕುರ್ಚಿಯಲ್ಲಿ ಇವನು. ಸಾರು ಉಪ್ಪಾದರೆ ಉಪ್ಪು ಎನ್ನಲಿಲ್ಲ, ಸಪ್ಪೆಯಾದರೆ ಸಪ್ಪೆ ಎನ್ನಲಿಲ್ಲ. ವೈಜಯಂತಿ ಬೇಕೆಂದೇ ಒಂದು ದಿನ ಉಪ್ಪೇ ಹಾಕದೆ ಬಡಿಸಿದಳು. ಉಂಡು ಎದ್ದ. ಅವತ್ತು ಅವಳು ಅಡಿಗೆಮನೆಯಲ್ಲಿ ನಿಂತು ಅತ್ತಳು. ದೇವರೇ, ಕೈ ನೆಟ್ಟಗಾಗದಿದ್ದರೂ ಪರವಾಗಿಲ್ಲ, ಈ ಮನುಷ್ಯನಿಗೆ ಏನಾದರೂ ಒಂದು ಬೇಕು ಅಂತ ಅನ್ನಿಸಲಿ, ಅಷ್ಟು ಸಾಕು ಎಂದು ಬೇಡಿಕೊಂಡಳು. ಆಮೇಲೆ ನಡೆದದ್ದೆಲ್ಲಾ ಆ ಒಂದು ಬೇಡಿಕೆಯ ಹಿಂದೆ ಬಿದ್ದು ನಡೆದದ್ದು.

ಅವಳ ಅಕ್ಕನ ಮಗ ಸಂದೀಪ್ ಗುರ್‌ಗಾಂವಿನ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದ. ದ್ವಾರಕಾದಲ್ಲಿ ಇನ್ನಿಬ್ಬರು ಹುಡುಗರ ಜೊತೆ ಫ್ಲಾಟ್ ಮಾಡಿಕೊಂಡಿದ್ದ. ಒಂದು ಭಾನುವಾರ ಗಂಡಹೆಂಡತಿ ಇಬ್ಬರನ್ನೂ ಊಟಕ್ಕೆ ಕರೆದ. ಊಟವಾದ ಮೇಲೆ ಚಿಕ್ಕಪ್ಪನನ್ನು ಹೇಗೆ ಮಾತಾಡಿಸುವುದೋ ತಿಳಿಯದೆ, ತನ್ನ ಕಂಪ್ಯೂಟರಿನ ಮುಂದೆ ಕೂರಿಸಿ, ಆಟಕ್ಕೆಂದೇ ಮಾಡಿದ ಸ್ಟಿಯರಿಂಗ್ ಮೇಜಿಗೆ ಬಿಗಿದು, ಪೆಡಲ್ಲುಗಳನ್ನು ಕಾಲ ಕೆಳಗೆ ಇಟ್ಟ. ಊರಿನ ಬೀದಿಗಳಲ್ಲಿ ಕಾರು ಓಡಿಸುವ ಆಟ. ಬಸವಲಿಂಗಪ್ಪ ಆಕ್ಸಿಲರೇಟರ್ ಒತ್ತಿದ್ದೇ ತಡ, ಕಾರು ಹಾರಿ ಹೋಗಿ ಗೋಡೆಗೆ ಗುದ್ದಿತು. ಮತ್ತೆ ಹೊರಟ, ಕಂಬಕ್ಕೆ ಗುದ್ದಿತು. ತಿರುವು ಬಂದಾಗ ಬಲಗೈ ತಯಾರು, ಎಡಗೈ ಬರುವಷ್ಟರಲ್ಲಿ ತಿರುವು ಮುಗಿದೇ ಹೋಗಿರುತ್ತಿತ್ತು. ಧಡಾರ್ ಎಂದು ಶಬ್ದವಾದಾಗಲೆಲ್ಲ ಆ ಹುಡುಗರು ನಕ್ಕರು. ಕೆಟ್ಟ ನಗುವಲ್ಲ, ಆಟದ ನಗು. ಆದರೆ ಅವನು ಎದ್ದುಬಿಟ್ಟ.

ಆಟೋದಲ್ಲಿ ವಾಪಸ್ಸು ಬರುವಾಗ ವೈಜಯಂತಿ ಒಂದೇ ಸಮನೆ ಕೊರಗುತ್ತಿದ್ದಳು. ಸುಮ್ಮನೆ ಕರೆದುಕೊಂಡು ಹೋಗಿ ಅವಮಾನ ಮಾಡಿಸಿದೆನಲ್ಲ ಎಂದು. ಧೌಲಾ ಕುಂವಾ ದಾಟಿದ ಮೇಲೆ ಅವನು ಹೊರಗೆ ನೋಡುತ್ತಲೇ ಹೇಳಿದ:

"ಅದರಲ್ಲಿ ಕ್ಲಚ್ಚೇ ಇರ್ಲಿಲ್ಲ."

ಯಾರೂ ಕೇಳದೆ ಅವನಾಗಿ ಆಡಿದ ಮಾತು! ಹೋಳಿಯಿಂದೀಚೆಗೆ ಅದೇ ಮೊದಲು. ವೈಜಯಂತಿ ಅವನ ಕಡೆ ತಿರುಗಿದಳು. ಹೌದೇನ್ರೀ, ಕ್ಲಚ್ ಇಲ್ಲದೆ ಹೇಗೆ ಓಡತ್ತೆ ಎಂದು ಕೇಳಿದಳು. ಅವನು ತಲೆಯಾಡಿಸಿ ಮತ್ತೆ ಸುಮ್ಮನಾದ. ಅವಳು ಮುಂದಿನ ವಾರ ಮತ್ತೆ ದ್ವಾರಕಾಕ್ಕೆ ಹೋಗೋಣವೇ ಎಂದರೆ, ಹುಡುಗರ ಮುಂದೆ ಬೇಡ ಎಂದ. ಬೇಡ ಎಂದದ್ದು ಹುಡುಗರನ್ನು, ಆಟವನ್ನಲ್ಲ. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಅಷ್ಟು ತಿಳಿಯದೇ? ಆ ಗಾಡಿ ನಮ್ಮ ಮನೆಯಲ್ಲೇ ಇರಬೇಕು ಎಂದು ಅವತ್ತೇ ನಿಶ್ಚಯ ಮಾಡಿದಳು. ಹಣದ ತಾಪತ್ರಯ ಇರಲಿಲ್ಲ. ತಾಪತ್ರಯ ಬಂದದ್ದು ಬೇರೆ ಕಡೆಯಿಂದ.

ಮೊದಲ ಸಲ ಸಂದೀಪನನ್ನೇ ಜೊತೆಗೆ ಕರೆದುಕೊಂಡು ಕಂಪ್ಯೂಟರ್ ಅಂಗಡಿಗಳ ನೆಹರೂ ಪ್ಲೇಸಿಗೆ ಹೋದಳು. ಬಿಡಿಭಾಗ ಕೊಂಡು ಜೋಡಿಸುವ ರಗಳೆ ಬೇಡ, ರೆಡಿಯಾಗಿ ಜೋಡಿಸಿಟ್ಟದ್ದನ್ನೇ ನೋಡೋಣ ಎಂದು ಮೊದಲೇ ಹೇಳಿದ್ದಳು. ಒಂದು ಅಂಗಡಿಯಲ್ಲಿ ಕಪ್ಪು ಡಬ್ಬ, ಪಕ್ಕಕ್ಕೊಂದು ಗಾಜಿನ ಕಿಟಕಿ, ಒಳಗೆ ನೀಲಿ ದೀಪ. ಡಬ್ಬದೊಳಗೆ ದೀಪ ಯಾಕಪ್ಪಾ ಎಂದರೆ ಸಂದೀಪ್ ನಕ್ಕ. ಅಂಗಡಿಯವನು, "ಬೇಟೇ ಕೇ ಲಿಯೇ?" ಎಂದು ಕೇಳಿದ. ಮಗನಿಗಾ? ಮಕ್ಕಳಿಲ್ಲದ ವೈಜಯಂತಿ, ಅಲ್ಲ, ಪತಿಗೆ ಎಂದಳು. ಅವನು ಅವಳ ನರೆತ ತಲೆಯನ್ನೊಮ್ಮೆ ನೋಡಿ, ಅಚ್ಛಾ ಎಂದು ಎಳೆದ. ಮುಂದಿನ ಅಂಗಡಿಗಳಲ್ಲೂ ಅದೇ ಪ್ರಶ್ನೆ ಬಂತು. ಮೂರನೆಯದರ ಹೊತ್ತಿಗೆ ಅವಳಿಗೆ ಸಾಕಾಯಿತು, ಹೂಂ ಭಯ್ಯಾ, ಮಗನಿಗೇ ಎಂದುಬಿಟ್ಟಳು.

ಸರ್ಕಾರದಲ್ಲಿ ಪ್ರತಿ ವಸ್ತುವಿಗೂ ಇಷ್ಟು ವರ್ಷ ಎಂದು ಆಯಸ್ಸು ಬರೆದಿರುತ್ತದೆ. ಕುರ್ಚಿಗೂ ಇದೆ, ಕಾರಿಗೂ ಇದೆ. ಅದು ತೀರಿತೆಂದರೆ ವಸ್ತುವನ್ನು ಕಂಡೆಮ್ ಮಾಡುತ್ತಾರೆ, ಅಂದರೆ ಇನ್ನು ಕೆಲಸಕ್ಕೆ ಬಾರದು ಎಂದು ಬರೆದು ಹರಾಜಿಗೆ ಹಾಕುತ್ತಾರೆ. ಆ ಲೆಕ್ಕದಲ್ಲೇ ಬದುಕಿದ ವೈಜಯಂತಿಗೆ ಗೊತ್ತಿದ್ದದ್ದು ಒಂದೇ ಪ್ರಶ್ನೆ. ಇದು ಎಷ್ಟು ವರ್ಷ ಬಾಳುತ್ತದೆ? ನೀಲಿ ದೀಪದ ಅಂಗಡಿಯವನು, ಇದು ಎಲ್ಲಕ್ಕಿಂತ ಜೋರು, ಎರಡು ವರ್ಷ ತಿರುಗಿ ನೋಡಬೇಕಿಲ್ಲ ಎಂದ. ಎರಡೇ? ಆಮೇಲೆ ಕೆಟ್ಟು ಹೋಗತ್ತಾ? ಇಲ್ಲ ಮೇಡಂ, ಕೆಡುವುದಿಲ್ಲ, ಹಳೆಯದಾಗತ್ತೆ. ಕೆಲಸ ಮಾಡುತ್ತಿರತ್ತಾ? ಬ್ರಹ್ಮಾಂಡವಾಗಿ ಮಾಡುತ್ತಿರತ್ತೆ. ಮತ್ತೆ ಹಳೆಯದು ಹೇಗಾಯಿತು? ಅವನು ಸಂದೀಪನ ಮುಖ ನೋಡಿದ. ಸಂದೀಪ್, ಹೊಸ ಆಟಗಳು ಬರ್ತವೆ ಚಿಕ್ಕಮ್ಮ, ಅವು ಇದರಲ್ಲಿ ಓಡಲ್ಲ ಎಂದ. ನಮಗೆ ಹೊಸ ಆಟ ಯಾಕೋ, ಇರೋ ಆಟ ಸಾಲದೇ ಎಂದಳು. 

ಕೆಲಸ ಮಾಡುತ್ತಿರುವುದು ಹಳೆಯದು ಹೇಗೆ ಎಂಬ ಆ ಪ್ರಶ್ನೆಯನ್ನು ಅವಳೇ ಒಮ್ಮೆ ಕೇಳಿಸಿಕೊಂಡಿದ್ದಳು. ಬಸವಲಿಂಗಪ್ಪ ಓಡಿಸುತ್ತಿದ್ದ ಅಂಬಾಸಿಡರಿನ ವರ್ಷ ಮುಗಿದಾಗ ಅದನ್ನು ಕಂಡೆಮ್ ಮಾಡಿ ಬರೆದವಳು ಇವಳೇ. ಇಂಜಿನ್ ಇನ್ನೂ ಗುಂಡುಕಲ್ಲಿನ ಹಾಗಿದೆ ಕಣೇ, ಹೇಗೆ ಬರೆದೆ ಎಂದು ಅವನು ಕೇಳಿದ್ದ. ವರ್ಷ ಮುಗೀತಲ್ರೀ, ನಾನೇನು ಮಾಡಲಿ ಎಂದಿದ್ದಳು. ಅವನು ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದ. ಈಗ ನೆಹರೂ ಪ್ಲೇಸಿನ ಜನಜಂಗುಳಿಯಲ್ಲಿ ನಿಂತಾಗ ಅದು ನೆನಪಿಗೆ ಬಂದು ಅವಳಿಗೆ ಸಂಕಟವಾಯಿತು.

ಅವತ್ತು ಏನೂ ಕೊಳ್ಳದೆ ಬಂದರು. ಆಮೇಲೆ ಗೊಂದಲವೋ ಗೊಂದಲ. ಸಂದೀಪ್ ಫೋನು ಮಾಡಿ, ಎರಡನೇ ಅಂಗಡಿಯಲ್ಲಿ ನೋಡಿದ ಆ ಬೆಳ್ಳಿ ಬಣ್ಣದ ಡಬ್ಬ ತೊಗೊಳ್ಳಿ, ಮುಂದೆ ಬೇಕಾದಾಗ ಒಳಗಿನದನ್ನು ಬದಲಾಯಿಸಬಹುದು ಎಂದ. ಬದಲಾಯಿಸುತ್ತಾ ಹೋಗುವುದಾದರೆ ಈಗ ಕೊಳ್ಳುವುದು ಏನನ್ನು ಎಂದು ಇವಳಿಗೆ ಅನುಮಾನ. ನಾಲ್ಕು ದಿನ ಬಿಟ್ಟು ಅವನೇ, ಹೊಸ ವಿಂಡೋಸ್ ಬಂದಿದೆ, ಅದಕ್ಕೆ ಮೆಮೊರಿ ಜಾಸ್ತಿ ಬೇಕು, ಕಪ್ಪು ಡಬ್ಬವೇ ವಾಸಿ ಎಂದ. ಅವನ ಫ್ಲಾಟಿನ ಗಗನ್ ಎನ್ನುವವನು ದೀಪಾವಳಿಯವರೆಗೆ ಕಾಯಿರಿ ಆಂಟಿ, ಬೆಲೆ ಇಳಿಯತ್ತೆ ಎಂದ. ಕಾಯುತ್ತಾ ಹೋದರೆ ಯಾವತ್ತೂ ಕೊಳ್ಳೋದೇ ಇಲ್ಲ ಎಂದು ಸಂದೀಪ್ ಅವನ ಮೇಲೆ ರೇಗಿದ. ಕಂಪ್ಯೂಟರಿನೊಳಗೆ ಚಿತ್ರ ಬರೆಯುವುದಕ್ಕೆಂದೇ ಗ್ರಾಫಿಕ್ಸ್ ಕಾರ್ಡ್ ಎಂದು ಒಂದು ಇರುತ್ತದೆ, ಆಟಕ್ಕೆ ಜೀವಾಳ ಅದೇ ಎಂದು ಇಬ್ಬರೂ ಒಪ್ಪಿದರು. ಅದು ಯಾವುದಿರಬೇಕು ಎಂಬಲ್ಲಿ ಮತ್ತೆ ಜಗಳ. ವೈಜಯಂತಿಗೆ ತಲೆಬುಡ ತಿಳಿಯಲಿಲ್ಲ. ತಿಳಿದವರಿಗೇ ತಿಳಿಯದಿದ್ದರೆ ಇವಳೇನು ಮಾಡಿಯಾಳು, ಪಾಪ. ರಾತ್ರಿ ಹಪ್ಪಳ ಕರಿಯುವಾಗಲೂ ಕಪ್ಪೋ ಬೆಳ್ಳಿಯೋ ಎಂದುಕೊಂಡು ಒಂದೆರಡು ಹಪ್ಪಳ ಸೀಯಿಸಿದಳು. ಕುರ್ಚಿಯಲ್ಲಿ ಕೂತವನು ಸೀದ ಹಪ್ಪಳವನ್ನೂ ಸುಮ್ಮನೆ ತಿಂದ. ಇನ್ನು ತಡಮಾಡಿದರೆ ಆ ಕ್ಲಚ್ಚಿನ ಮಾತೂ ಅವನಿಗೆ ಮರೆತು ಹೋಗುತ್ತದೆ ಎಂದು ಅವಳಿಗೆ ದಿಗಿಲಾಯಿತು.

ಕೊನೆಗೆ ಒಂದು ಶನಿವಾರ ಒಬ್ಬಳೇ ನೆಹರೂ ಪ್ಲೇಸಿಗೆ ಹೊರಟಳು. ಹೋದವಳು ಮಾಡಿದ್ದೇನು? ಸ್ಟೋರ್ಸ್ ಸೆಕ್ಷನ್ನಿನಲ್ಲಿ ತಲೆ ನರೆತವರು ಏನು ಮಾಡುತ್ತಾರೋ ಅದನ್ನೇ. ಆಫೀಸಿಗೆ ಕೊಂಡು ಕೊಂಡು ಅಭ್ಯಾಸವಾದ ಒಂದು ಕಂಪನಿಯ ಹೆಸರು ಕಣ್ಣಿಗೆ ಬಿದ್ದದ್ದೇ ಅವಳಿಗೆ ನೆಂಟರು ಸಿಕ್ಕ ಹಾಗಾಯಿತು. ಅದೇ ಬೂದು ಬಣ್ಣದ ಡಬ್ಬ, ಮೂರು ವರ್ಷ ಮನೆಗೇ ಬಂದು ರಿಪೇರಿ. ಅಕೌಂಟ್ಸ್ ಸೆಕ್ಷನ್ನಿನಲ್ಲಿ ಇದರ ಅಣ್ಣತಮ್ಮಂದಿರು ಒಂದು ದಿನವೂ ಕೆಟ್ಟದ್ದಿಲ್ಲ. ಇದರಲ್ಲಿ ಕಾರಿನ ಆಟ ಓಡುತ್ತದೆಯೇ ಎಂದು ಕೇಳಿದಳು. ಚಲ್ ಜಾಯೇಗಾ ಮೇಡಂ ಎಂದ ಮಾರುವವನು. ಓಡತ್ತೆ ಅಂದನಲ್ಲ, ಸರಿ. ಎಷ್ಟು ವರ್ಷ ಎಂದಳು. ಐದು ವರ್ಷ ಅಲುಗಾಡಲ್ಲ ಎಂದ. ಇದಪ್ಪಾ ಉತ್ತರ ಎಂದು ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಎರಡು ದಿನಕ್ಕೆ ಕಂಪನಿಯವನೊಬ್ಬ ಬಂದು ಹಾಲ್‌ನಲ್ಲಿ ಅದನ್ನು ಕೂರಿಸಿದ. ಸಂದೀಪ್ ತನ್ನ ಸ್ಟಿಯರಿಂಗು, ಪೆಡಲ್ಲುಗಳನ್ನೂ ಆಟದ ಸಿಡಿಯನ್ನೂ ಮೊದಲೇ ತಂದುಕೊಟ್ಟಿದ್ದ. ವೈಜಯಂತಿ ಆ ಕಂಪನಿಯವನನ್ನು ಕಾಡಿ ಬೇಡಿ ಅವನ್ನೂ ಹಾಕಿಸಿದಳು. ಅವನು ಆಟ ಶುರು ಮಾಡಿ ತುಸು ಹೊತ್ತು ನೋಡಿ ತಲೆ ಕೆರೆದುಕೊಂಡ. ಇದರಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲ ಮೇಡಂ, ಇದು ಆಫೀಸ್ ಕೆಲಸಕ್ಕೆ ಮಾಡಿದ್ದು, ಶಕ್ತಿ ಸಾಲದೆ ಆಟವೇ ನಿಧಾನವಾಗಿಬಿಡತ್ತೆ ಎಂದ. ನೋಡಿದರೆ ಹೌದು. ದ್ವಾರಕಾದಲ್ಲಿ ಹಾರಿ ಹೋಗುತ್ತಿದ್ದ ಕಾರು ಇಲ್ಲಿ ಬಸುರಿಯ ಹಾಗೆ ಹೆಜ್ಜೆ ಇಡುತ್ತಿತ್ತು.  ಜನ್ಮವೆಲ್ಲಾ ಸಾಮಾನು ಕೊಂಡು, ಬೇಕಾದ ಒಂದೇ ಒಂದು ವಸ್ತುವಿನಲ್ಲಿ ಇಂಥಾ ಎಡವಟ್ಟು ಮಾಡಿಕೊಂಡೆನಲ್ಲಾ ಎಂದು ವೈಜಯಂತಿ ತನ್ನನ್ನೇ ಬೈದುಕೊಂಡಳು. ನಾಳೆಯೇ ವಾಪಸ್ಸು ಕೊಡಬೇಕು, ಜಗಳವಾದರೂ ಸರಿ ಎಂದುಕೊಂಡು ಅಡಿಗೆಮನೆಗೆ ಹೋಗಿ ಒಗ್ಗರಣೆಗೆ ಇಟ್ಟಳು.

ಉಪ್ಪಿಟ್ಟು ಕೆದಕುತ್ತಾ ಇದ್ದವಳಿಗೆ ಹಾಲ್‌ನಿಂದ ಇಂಜಿನ್ನಿನ ಗುಂಯ್‌ಗುಟ್ಟುವಿಕೆ ಕೇಳಿಸಿತು. ಬಸವಲಿಂಗಪ್ಪ ಕೂತಿದ್ದಾನೆ. ಇನ್ನೇನು ಧಡಾರ್ ಎನ್ನುತ್ತದೆ ಎಂದು ಸೌಟು ನಿಲ್ಲಿಸಿ ಕಿವಿಗೊಟ್ಟಳು. ಎನ್ನಲಿಲ್ಲ. ಮತ್ತೂ ಎನ್ನಲಿಲ್ಲ. ಒಲೆ ಸಣ್ಣ ಮಾಡಿ ಬಾಗಿಲಿಗೆ ಬಂದು ನೋಡಿದಳು.

ಕಾರು ನಿಧಾನವಾಗಿ ಬೀದಿಯ ಎಡಬದಿ ಹಿಡಿದು ಹೋಗುತ್ತಿತ್ತು. ತಿರುವು ಬಂತು. ಬಲಗೈ ತಿರುಗಿಸಿತು, ಎಡಗೈ ಹಿಂದಿನಿಂದ ಬಂದು ಸೇರಿಕೊಂಡಿತು, ಅಷ್ಟು ಹೊತ್ತೂ ತಿರುವು ಅವನಿಗಾಗಿ ಕಾದಿತ್ತು. ಕಾರು ಚಂದವಾಗಿ ತಿರುಗಿತು. ಮುಂದೆ ಕೆಂಪು ದೀಪ. ಆಟದಲ್ಲಿ ಯಾರು ನಿಲ್ಲುತ್ತಾರೆ? ಇವನು ನಿಲ್ಲಿಸಿದ. ದೀಪ ಹಸಿರಾದ ಮೇಲೆ ಹೊರಟ. ವೈಜಯಂತಿ ಅಲ್ಲೇ ಬಾಗಿಲಿಗೆ ಒರಗಿ ನಿಂತಳು, ಉಪ್ಪಿಟ್ಟು ತಳ ಹಿಡಿಯಿತು.

ಮಾರನೆಯ ದಿನದಿಂದ ಅವನು ಸ್ನಾನ ಮಾಡಿ, ಗಡ್ಡ ಹೆರೆದುಕೊಂಡು ಗಾಡಿ ತೆಗೆಯತೊಡಗಿದ. ಡ್ಯೂಟಿಗೆ ಹೊರಟ ಹಾಗೆ. ಅವಳು ಆಫೀಸಿನಿಂದ ಬಂದರೆ ಒಂದು ಮಾತು, ಎರಡು ಮಾತು. ಆ ಸೇತುವೆ ಹತ್ತಿರ ಬಸ್ಸಿನವನು ಅಡ್ಡ ಬಂದ ಎನ್ನುವನು. ಸಾರಿಗೆ ಉಪ್ಪು ಕಮ್ಮಿ ಎಂದು ಒಂದು ದಿನ ತಟ್ಟೆ ತಳ್ಳಿದ. ಎಂಥಾ ಸೊಗಸು! ವೈಜಯಂತಿ ಉಪ್ಪಿನ ಬಟ್ಟಲು ತರುವ ನೆಪದಲ್ಲಿ ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು.

ಆದರೆ ಅವಳ ಗೊಂದಲ ತೀರಲಿಲ್ಲ, ಇನ್ನೂ ಹೆಚ್ಚಾಯಿತು. ಆಫೀಸಿನ ಲೆಕ್ಕದಲ್ಲಿ ಇದು ತಿರಸ್ಕರಿಸಬೇಕಾದ ಮಾಲು. ಹೇಳಿದ ಕೆಲಸವನ್ನು ಇದು ಸರಿಯಾಗಿ ಮಾಡುವುದಿಲ್ಲ. ಮನೆಯ ಲೆಕ್ಕದಲ್ಲಿ ನೋಡಿದರೆ ಗಂಡ ಮಾತಾಡುತ್ತಿದ್ದಾನೆ. ನಿಧಾನದ್ದೇ ಇಷ್ಟು ಖುಷಿ ಕೊಟ್ಟರೆ ಜೋರಿನದು ಇನ್ನೆಷ್ಟು ಕೊಟ್ಟೀತು ಎಂದು ಒಂದು ಮನಸ್ಸು. ಕೈ ಹಾಕಬೇಡ, ನಡೆಯುತ್ತಿರುವುದು ನಡೆಯಲಿ ಎಂದು ಇನ್ನೊಂದು. ಈ ತೊಳಲಾಟದಲ್ಲಿ ಸಂದೀಪನಿಗೆ ಫೋನಿನಲ್ಲಿ ವಿಷಯ ಹೇಳಿಬಿಟ್ಟಳು. ಅವನು ಹಣೆ ಚಚ್ಚಿಕೊಂಡ. ಕಾರ್ಡ್ ಇಲ್ಲದ್ದನ್ನು ತೊಗೊಂಡ್ರಾ ಚಿಕ್ಕಮ್ಮ, ಇರಲಿ ಬಿಡಿ, ನಾನು ಹೊಸದು ಹಾಕಿಸಿಕೊಂಡಿದ್ದೇನೆ, ಹಳೇದು ಸುಮ್ಮನೆ ಬಿದ್ದಿದೆ, ಭಾನುವಾರ ತರ್ತೀನಿ ಎಂದ. ಬೇಡ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಯಾಕೆ ಬೇಡ ಎಂದು ಅವನು ಕೇಳಿದ್ದರೆ ಹೇಳುವುದಕ್ಕೆ ಅವಳಿಗೇ ಗೊತ್ತಿರಲಿಲ್ಲ.

ಭಾನುವಾರ ಸಂದೀಪ್ ಬಂದ. ಡಬ್ಬ ಬಿಚ್ಚಿ, ಅಂಗೈಗಿಂತ ತುಸು ಉದ್ದದ ಹಸಿರು ತಗಡಿನಂಥದನ್ನು ಒಳಗೆ ಸಿಕ್ಕಿಸಿ, ಏನೇನೋ ಒತ್ತಿ ಸರಿಮಾಡಿದ. ಬನ್ನಿ ಚಿಕ್ಕಪ್ಪ, ಈಗ ನೋಡಿ ಮಜಾ ಎಂದ. ಬಸವಲಿಂಗಪ್ಪ ಬಂದು ಕೂತ. ಚಿತ್ರ ಫಳಫಳ ಎನ್ನುತ್ತಿತ್ತು, ರಸ್ತೆಯ ಮೇಲೆ ಮರದ ನೆರಳು ಕೂಡ ಬಿದ್ದಿತ್ತು. ಆಕ್ಸಿಲರೇಟರ್ ಒತ್ತಿದ. ಕಾರು ಹಾರಿತು. ಮೊದಲ ತಿರುವಿನಲ್ಲಿ ಎಡಗೈ ಬರಲಿಲ್ಲ.

ಧಡಾರ್.

ಮತ್ತೊಮ್ಮೆ ನೋಡಿ ಚಿಕ್ಕಪ್ಪ, ಸ್ವಲ್ಪ ಅಭ್ಯಾಸ ಆಗಬೇಕು ಎಂದ ಸಂದೀಪ್. ಮತ್ತೊಮ್ಮೆ ಧಡಾರ್. ಮೂರನೆಯ ಸಲ ಅವನು ಹೊರಡಲೇ ಇಲ್ಲ. ಸ್ಟಿಯರಿಂಗಿನಿಂದ ಕೈ ತೆಗೆದು, ಎಡಗೈಯನ್ನು ತೊಡೆಯ ಮೇಲಿಟ್ಟು, ಅದರ ಮೇಲೆ ಬಲಗೈ ಮುಚ್ಚಿಕೊಂಡ. ಎದ್ದು ಹೋಗಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತ. ಮುಖ ಹೊರಗೆ ತಿರುಗಿತು.

ವೈಜಯಂತಿ ಕಾಫಿಯ ಲೋಟ ಹಿಡಿದುಕೊಂಡು ನಿಂತಿದ್ದಳು. ಇಷ್ಟು ದಿನ ಅರ್ಥವಾಗದ್ದು ಆ ಕುರ್ಚಿಯನ್ನು ನೋಡಿದಾಗ ಅರ್ಥವಾಯಿತು. ಡಬ್ಬ ನಿಧಾನವಿದ್ದದ್ದರಿಂದಲೇ ಅವನು ಡ್ರೈವರ್ ಆಗಿದ್ದ. ಅವಳು ಕೊಂಡದ್ದು ತಪ್ಪು ವಸ್ತುವೇ, ಸಂದೇಹವಿಲ್ಲ. ಆದರೆ ಆ ತಪ್ಪು ವಸ್ತು ಅವನ ಕೈಗೆ ಸರಿಯಾಗಿತ್ತು. ಅದನ್ನು ಇವಳೇ ಕೈಯಾರೆ ಹಾಳು ಮಾಡಿದಳು, ಒಂದು ಸಲ ಅವನ ಗಾಡಿ ಕಂಡೆಮ್ ಮಾಡಿದ್ದು ಸಾಲದೆಂದು.

"ಸಂದೀಪ, ಅದನ್ನ ತೆಗಿಯಪ್ಪ," ಎಂದಳು.

"ಯಾಕೆ ಚಿಕ್ಕಮ್ಮ? ಇದಿಲ್ದೆ ಅದು ಬರೀ ಆಫೀಸ್ ಡಬ್ಬ. ಹೊಸ ಆಟ ಒಂದೂ ಓಡಲ್ಲ."

"ಓಡೋದು ಬೇಡ. ಮೊದಲು ಹೇಗಿತ್ತೋ ಹಾಗೆ ಮಾಡಿಕೊಡು."

ಸಂದೀಪನಿಗೆ ಏನೂ ಅರ್ಥವಾಗಲಿಲ್ಲ. ಇವಳಿಗೆ ಬಿಡಿಸಿ ಹೇಳುವ ಧೈರ್ಯವಿರಲಿಲ್ಲ, ಕುರ್ಚಿಯವನ ಕಿವಿಗೆ ಬಿದ್ದರೆ? ಹುಡುಗ ಒಳ್ಳೆಯವನು, ಮತ್ತೆ ಡಬ್ಬ ಬಿಚ್ಚಿದ, ಕಾರ್ಡ್ ಕಿತ್ತ, ಆಟ ಶುರು ಮಾಡಿ ನೋಡಿದ. ಕಾರು ಮತ್ತೆ ಮೊದಲಿನ ಹಾಗೇ ತೆವಳಿತು. ಆ ನಿಧಾನದ ಗುಂಯ್‌ಗುಟ್ಟುವಿಕೆ ಕೇಳಿ ಬಸವಲಿಂಗಪ್ಪ ಕಿಟಕಿಯಿಂದ ಮುಖ ತಿರುಗಿಸಿದ. ಎದ್ದು ಬರಲಿಲ್ಲ, ನೋಡುತ್ತಾ ಕೂತ. ಸಂದೀಪ್ ಕಾರ್ಡನ್ನು ಅದರ ಕವರಿಗೆ ತುರುಕಿ ಬ್ಯಾಗಿನ ಜಿಪ್ ಎಳೆಯಹೊರಟ.

"ಅದನ್ನ ತೊಗೊಂಡು ಹೋಗ್ಬೇಡ," ಎಂದ ಬಸವಲಿಂಗಪ್ಪ.

ಇಬ್ಬರೂ ತಿರುಗಿದರು. ವೈಜಯಂತಿಯ ಕೈಯಲ್ಲಿದ್ದ ಕಾಫಿ ಆರಿಹೋಗಿತ್ತು.

"ನಿಮಗೆ ಬೇಡ ಅಂತ ಚಿಕ್ಕಮ್ಮ ತೆಗೆಸಿದ್ರಲ್ಲ ಚಿಕ್ಕಪ್ಪ?" ಎಂದ ಸಂದೀಪ್.

"ಈಗ ಬೇಡ." ಅವನು ತನ್ನ ಎಡಗೈಯನ್ನೊಮ್ಮೆ ನೋಡಿಕೊಂಡ. "ಮುಂದೆ ಬೇಕಾಗತ್ತೆ. ಇಲ್ಲೇ ಇಟ್ಟು ಹೋಗು."

ಮುಂದೆ ಎಂಬ ಮಾತು ಆ ಮನೆಯಲ್ಲಿ ಹೋಳಿಯಿಂದ ಯಾರ ಬಾಯಲ್ಲೂ ಬಂದಿರಲಿಲ್ಲ. ಬಸವಲಿಂಗಪ್ಪ ಕಿಟಕಿಗೆ ಬಲಗೈ ಚಾಚಿ ಆ ರಬ್ಬರ್ ಚೆಂಡು ತೆಗೆದುಕೊಂಡ, ಪಂಚೆಯ ತುದಿಯಿಂದ ಧೂಳೊರೆಸಿ ಎಡಗೈಗೆ ಕೊಟ್ಟ. ಬೆರಳುಗಳು ಒಂದೊಂದಾಗಿ, ಅವಸರವಿಲ್ಲದೆ ಮಡಿಚಿಕೊಂಡವು. ಆಮೇಲೆ, ಕಾಫಿ ಏನೇ, ಇವತ್ತು ಕೊಡ್ತೀಯೋ ನಾಳೆಯೋ ಎಂದು ಹೆಂಡತಿಯನ್ನು ಕೇಳಿದ.

ವೈಜಯಂತಿ ಕಾಫಿಯನ್ನು ಮತ್ತೆ ಬಿಸಿ ಮಾಡಿ ಕೊಟ್ಟಳು. ಸಂದೀಪನ ಕೈಯಿಂದ ಆ ಕಾರ್ಡು ಇಸಿದುಕೊಂಡು ಒಳಗೆ ಹೋಗಿ, ಬೀರು ತೆಗೆದು, ರೇಷ್ಮೆ ಸೀರೆಗಳ ಮಡಿಕೆಯ ನಡುವೆ ಇಟ್ಟು ಬೀಗ ಹಾಕಿದಳು. ಇದು ಎಷ್ಟು ವರ್ಷ ಬಾಳುತ್ತದೆ ಎಂದು ಈ ಸಲ ಯಾರನ್ನೂ ಕೇಳಲಿಲ್ಲ.